ಈಗಿನ್ನ ಕುಂತಾವ್ರೀ

"ಈಗಿನ್ನ ಕುಂತಾವ್ರೀ."

ಭಾನುವಾರ ಬೆಳಿಗ್ಗೆ ಸೂಳೆಕೆರೆಯಲ್ಲಿ ತೆಪ್ಪದವರು ಹೇಳಿದ್ದು ಇಷ್ಟೇ. ಇವತ್ತು ಗುರುವಾರ. ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಅವರು ಬೇಡ ಅನ್ನಲಿಲ್ಲ, ಬೈಯಲೂ ಇಲ್ಲ. ಮನೆಯಲ್ಲಿ ಯಾರೋ ದಣಿದು ಬಂದು ಕೂತಾಗ "ಈಗ ತಾನೇ ಕೂತರು, ಸ್ವಲ್ಪ ಇರಿ" ಅಂತೀವಲ್ಲ, ಅದೇ ದನಿ.

ನಾವು ಇಬ್ಬರೇ ಹೋಗಿದ್ದೆವು. ನಾನು, ಮತ್ತೆ ನನಗೆ ಕ್ಯಾಮೆರಾ ಹಿಡಿಯೋದು ಕಲಿಸಿದ ಹಿರಿಯ ಗೆಳೆಯರು. ದಾವಣಗೆರೆ ಬಿಟ್ಟಾಗ ಕತ್ತಲು. ಸಂತೇಬೆನ್ನೂರು ದಾಟುವ ಹೊತ್ತಿಗೆ ಬೆಳಕು ಹರಿಯಿತು. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಚಳಿ ಇತ್ತು. ಹೋಗಿದ್ದು ರಿವರ್ ಟರ್ನ್ ಅನ್ನುವ ಹಕ್ಕಿಯ ಫೋಟೋಗಾಗಿ. ಕನ್ನಡದಲ್ಲಿ ಇದಕ್ಕೆ ರೀವ ಅಂತಾರೆ. ಕಡಲಕ್ಕಿಗಳ ಕುಲದ್ದು. ಅದೇ ಚೂಪು ರೆಕ್ಕೆ, ಅದೇ ಸೀಳು ಬಾಲ, ನೀರಿಗೆ ಬೀಳುವ ಅದೇ ರೀತಿ. ಆದರೆ ಇದು ಸಮುದ್ರಕ್ಕೆ ಹೋಗದೆ ಹೊಳೆ, ಕೆರೆ, ಡ್ಯಾಮುಗಳಲ್ಲೇ ಬದುಕುತ್ತದೆ. ನಮ್ಮ ಬಯಲುಸೀಮೆಯವರು ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ಸೂಳೆಕೆರೆಯ ಮೇಲೆ ಈ ಹಕ್ಕಿ ಹಾರುವುದನ್ನು ನೋಡಿದಾಗ, ಕಡಲೇ ಸ್ವಲ್ಪ ಈ ಕಡೆ ಬಂದಿದೆ ಅನ್ನಿಸುತ್ತದೆ ನನಗೆ.

ಹಾರುವ ಟರ್ನ್ ಫೋಟೋ ತೆಗೆಯುವುದು ಎಷ್ಟು ಕಷ್ಟ ಅಂತ ತೆಗೆದವರಿಗೇ ಗೊತ್ತು. ಕೊಕ್ಕರೆ ಹಾಗಲ್ಲ, ನಿಧಾನಕ್ಕೆ ರೆಕ್ಕೆ ಬಡಿದು ನೇರ ಹೋಗುತ್ತದೆ, ಲೆನ್ಸ್ ಅದರ ಹಿಂದೆ ಹೋದರೆ ಸಾಕು. ಟರ್ನ್ ಹೋಗ್ತಾ ಹೋಗ್ತಾ ಇದ್ದಕ್ಕಿದ್ದಂತೆ ತಿರುಗುತ್ತದೆ, ಕೆಳಗೆ ಜಾರುತ್ತದೆ, ಮತ್ತೆ ಮೇಲೇಳುತ್ತದೆ. ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ 2500ರಲ್ಲಿ ಒಂದು ಭಾಗ, 3200ರಲ್ಲಿ ಒಂದು ಭಾಗ ಇಡಬೇಕು. ಇಲ್ಲದಿದ್ದರೆ ರೆಕ್ಕೆಯ ತುದಿ ಹೊಗೆಯ ಹಾಗೆ ಬರುತ್ತದೆ. ಹಿಂದೆ ನೀರು ಕಪ್ಪಗಿದ್ದರೆ ಕ್ಯಾಮೆರಾ ಮೋಸ ಹೋಗುತ್ತದೆ, ಬೆಳಕು ಜಾಸ್ತಿ ತಗೊಂಡು ಬಿಳಿ ಮೈಯನ್ನು ಸುಣ್ಣ ಮಾಡಿಬಿಡುತ್ತದೆ. ಬೆಳಕು ಇಳಿಸಬೇಕು. ಅದೇ ಹಕ್ಕಿ ಮೇಲೇರಿ ಆಕಾಶದ ಎದುರು ಬಂದರೆ ಲೆಕ್ಕ ಉಲ್ಟಾ. ಇನ್ನು ಕಣ್ಣು. ಮರಿ ಮಾಡುವ ಕಾಲದಲ್ಲಿ ತಲೆಗೆ ಕಪ್ಪು ಟೋಪಿ ಹಾಕಿದಂತಿರುತ್ತದೆ, ಕಪ್ಪು ಕಣ್ಣು ಅದರೊಳಗೆ ಕರಗಿ ಹೋಗುತ್ತದೆ. ಬಿಸಿಲು ಸರಿಯಾದ ಕಡೆಯಿಂದ ಬಿದ್ದರೆ ಮಾತ್ರ ಒಂದು ಮಿಂಚು ಕಾಣುತ್ತದೆ. ಆ ಮಿಂಚು ಇಲ್ಲದ ಫೋಟೋಗೆ ಜೀವ ಇಲ್ಲ.

ಇದಕ್ಕೆಲ್ಲ ಉಪಾಯ ಒಂದೇ. ಹಕ್ಕಿಯ ಹಿಂದೆ ಓಡದೆ, ಅದು ಮೀನು ಹುಡುಕುವ ದಾರಿಯಲ್ಲಿ ಕಾಯಬೇಕು. ಮೀನು ಹುಡುಕುವಾಗ ಅದರ ಕೊಕ್ಕು ನೀರಿನ ಕಡೆ ಬಾಗಿರುತ್ತದೆ. ಮೀನು ಕಂಡರೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಒಂದು ಕ್ಷಣ, ಹೆಚ್ಚೆಂದರೆ ಎರಡು. ಆಮೇಲೆ ಕಲ್ಲು ಬಿದ್ದ ಹಾಗೆ ನೀರಿಗೆ. ಆ ನಿಂತ ಕ್ಷಣವೇ ನಮ್ಮದು. ಇದನ್ನೂ ನನಗೆ ಹೇಳಿಕೊಟ್ಟವರು ಅದೇ ಗೆಳೆಯರು. ಗಾಳಿ ಬೆನ್ನಿಗಿರಲಿ, ಬಿಸಿಲು ಬೆನ್ನಿಗಿರಲಿ ಅಂತ ಕಲಿಸಿದವರೂ ಅವರೇ. ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಆಗ ನಮ್ಮ ಮುಖದ ಕಡೆಗೇ ಬರುತ್ತದೆ ಅಂತ. ನನ್ನ ಹತ್ತಿರ ಒಳ್ಳೆ ಲೆನ್ಸ್ ಇಲ್ಲದಾಗ ತಮ್ಮದನ್ನೇ ಮೂರು ತಿಂಗಳು ಕೊಟ್ಟಿದ್ದರು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಓದಿ ಅವರನ್ನು ಕೆಟ್ಟವರು ಅಂದುಕೊಳ್ಳಬಾರದು.

ಎರಡು ಗಂಟೆ ಕಾದೆವು. ಒಂದೆರಡು ಹಕ್ಕಿ ದೂರದಲ್ಲಿ ಮೀನು ಹಿಡಿದವು, ಅಷ್ಟೆ. ಆಮೇಲೆ ಹತ್ತು ಹನ್ನೆರಡು ಟರ್ನ್‌ಗಳ ಗುಂಪು ಬಂತು. ನೀರಿನಿಂದ ಮೇಲೆದ್ದ ಮಣ್ಣಿನ ದಿಬ್ಬದ ಮೇಲೆ ಒಂದೊಂದಾಗಿ ಕೂತವು. ಎಲ್ಲವೂ ಗಾಳಿಗೆ ಮುಖ ಮಾಡಿ. ಒಂದು ಹಕ್ಕಿ ರೆಕ್ಕೆ ತೀಡಿಕೊಳ್ಳುತ್ತಿತ್ತು. ಇನ್ನೊಂದು ಹಕ್ಕಿ ಕಣ್ಣು ಮುಚ್ಚಿ ಕೂತಿತ್ತು.

"ಒಂದ್ಸಲ ಎಬ್ಬಿಸಪ್ಪ," ಅಂದರು ಗೆಳೆಯರು.

"ಈಗಿನ್ನ ಕುಂತಾವ್ರೀ."

"ಒಂದೇ ಸಲ. ಮತ್ತೆ ಕೂತ್ಕೊತಾವೆ."

ತೆಪ್ಪದವರು ನನ್ನ ಮುಖ ನೋಡಿದರು. ಇದೊಂದು ಸಲಕ್ಕೆ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದೆ, ಬೆರಳು ಬಟನ್ ಮೇಲಿತ್ತು. ಅದೇ ನನ್ನ ಉತ್ತರ ಅಂತ ಅವರು ತಿಳಿದರು. ತಿಳಿದದ್ದು ಸರಿಯೇ. ಹುಟ್ಟನ್ನು ನೀರಿಗೆ ಒಮ್ಮೆ ಜೋರಾಗಿ ಬಡಿದರು.

ಹಕ್ಕಿಗಳು ಎದ್ದವು. ಗಾಳಿಗೆ ಎದುರಾಗಿ, ನಮ್ಮ ಕಡೆಗೇ. ಎಲ್ಲಾ ಹೇಳಿಕೊಟ್ಟ ಹಾಗೇ ಆಯಿತು.

ನನ್ನ ಜೀವನದ ಒಳ್ಳೆಯ ಫೋಟೋ ಅದು. ಒಂದೇ ಫ್ರೇಮಿನಲ್ಲಿ ಹನ್ನೊಂದು ಹಕ್ಕಿ, ಹಳದಿ ಕೊಕ್ಕು, ತೆರೆದ ರೆಕ್ಕೆಗಳ ಅಡಿಯಲ್ಲಿ ಬಿಸಿಲು. ಸಂಜೆಗೆ ಗೆಳೆಯರಿಗೆಲ್ಲ ಕಳಿಸಿದೆ. ಎಲ್ಲರೂ ಮೆಚ್ಚಿದರು. ನಾನೂ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ.

ಮಂಗಳವಾರ ರಾತ್ರಿ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ಕಣ್ಣಿನ ಮಿಂಚು ಬಂದಿದೆಯಾ ಅಂತ. ಬಂದಿತ್ತು. ಆದರೆ ಒಂದರ ಕೊಕ್ಕೂ ನೀರಿನ ಕಡೆ ಇರಲಿಲ್ಲ. ಹನ್ನೊಂದೂ ಕತ್ತು ಚಾಚಿ ಮುಂದಕ್ಕೆ ನೋಡುತ್ತಿದ್ದವು. ನಾನು ಇಷ್ಟು ವರ್ಷ ನೋಡಿದ, ಪ್ರೀತಿಸಿದ ಟರ್ನ್ ಹಾಗೆ ಹಾರುವುದಿಲ್ಲ. ಇದು ಹೆದರಿ ಓಡುವ ಹಕ್ಕಿ.

ಎಡಗಡೆ ಮೂಲೆಯಲ್ಲಿ ಒಂದು ಬಿಳಿ ಚುಕ್ಕಿ ಇತ್ತು. ನೀರಿನ ಹನಿ ಅಂದುಕೊಂಡಿದ್ದೆ. ಅದು ಮೀನು. ಹಿಂದಿನ ಫ್ರೇಮಿನಲ್ಲಿ ಒಂದು ಹಕ್ಕಿಯ ಕೊಕ್ಕಿನಲ್ಲಿದೆ, ಬೆರಳಿನಷ್ಟು ಉದ್ದ. ಈ ಫ್ರೇಮಿನಲ್ಲಿ ಗಾಳಿಯಲ್ಲಿ. ಅದರ ಮುಂದಿನದರಲ್ಲಿ ಇಲ್ಲ.

ಮರಿ ಮಾಡುವ ಕಾಲ ಹತ್ತಿರ ಬಂದಾಗ ಗಂಡು ಟರ್ನ್ ಮೀನು ಹಿಡಿದು ತಂದು ಹೆಣ್ಣಿಗೆ ಕೊಡುತ್ತದೆ. ಹಿಡಿದ ಮೀನನ್ನು ತಾನು ನುಂಗದೆ ಕೊಕ್ಕಿನಲ್ಲೇ ಇಟ್ಟುಕೊಂಡು ಕೂತಿತ್ತು ಅಂದರೆ ಯಾರಿಗೋ ತಂದಿದ್ದಿರಬೇಕು. ಅಷ್ಟು ಹೊತ್ತು ಎದುರಿಗೇ ಕೂತಿದ್ದರೂ ನಮಗೆ ಅದು ಕಾಣಲಿಲ್ಲ. ನಾವು ಹಾರಾಟಕ್ಕೆ ಕಾಯುತ್ತಿದ್ದೆವು.

ಭದ್ರಾ ಡ್ಯಾಮಿನಲ್ಲಿ ಬೇಸಿಗೆಗೆ ನೀರಿಳಿದಾಗ ನಡುಗಡ್ಡೆಗಳು ಮೇಲೇಳುತ್ತವೆ. ಅಲ್ಲಿ ಈ ಹಕ್ಕಿಗಳು ಗುಂಪು ಗುಂಪಾಗಿ ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇಲ್ಲ. ನೆಲದಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಮೇಲೆ ಬಿಸಿಲು. ತಾಯಿಯೋ ತಂದೆಯೋ ಮೇಲೆ ಕೂತು ನೆರಳು ಕೊಡುತ್ತಲೇ ಇರಬೇಕು. ಅಲ್ಲಿ ಯಾರಾದರೂ "ಒಂದ್ಸಲ ಎಬ್ಬಿಸಪ್ಪ" ಅಂದರೆ ಮೊಟ್ಟೆ ಬೇಯುತ್ತದೆ, ಇಲ್ಲವೇ ಕಾಗೆ, ಹದ್ದಿನ ಪಾಲು. ಜಗತ್ತಿನಲ್ಲಿ ಕಡಿಮೆಯಾಗುತ್ತಿರುವ ಹಕ್ಕಿಗಳ ಕೆಂಪು ಪಟ್ಟಿಯಲ್ಲಿ ರಿವರ್ ಟರ್ನ್ ಕೂಡ ಇದೆ. ಹೊಳೆಗಳಲ್ಲಿ ಮರಳು ದಿಬ್ಬ ಉಳಿದಿಲ್ಲ, ಡ್ಯಾಮಿನಿಂದ ನೀರು ಬಿಟ್ಟಾಗ ಮೊಟ್ಟೆ ಕೊಚ್ಚಿಹೋಗುತ್ತದೆ, ನಾಯಿಗಳ ಕಾಟ ಬೇರೆ. ಅದರ ಮೇಲೆ ನಾವೂ ಯಾಕೆ? ಇತ್ತೀಚೆಗೆ ದೊಡ್ಡ ದೊಡ್ಡ ಲೆನ್ಸ್ ಹಿಡಿದು ಬರುವ ಹುಡುಗರಲ್ಲಿ ಕೆಲವರಿಗೆ ಅರ್ಧ ಗಂಟೆ ಸುಮ್ನೆ ಕೂರಲು ಆಗುವುದಿಲ್ಲ ಅಂತ ನನಗೆ ಬೇಜಾರಿತ್ತು. ಭಾನುವಾರ ನನಗೆ ಎರಡು ಗಂಟೆಗೆ ಸಾಕಾಗಿತ್ತು. ಇನ್ನು ಅವರಿಗೆ ಏನಂತ ಹೇಳಲಿ?

ತೆಪ್ಪದವರಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟು ಬಂದಿದ್ದೆವು. ಅವರು ಅದನ್ನು ಎಣಿಸದೆ ಜೇಬಿಗೆ ಹಾಕಿಕೊಂಡರು. ದಿಬ್ಬದ ಕಡೆ ಒಮ್ಮೆ ನೋಡಿದರು. ಹಕ್ಕಿಗಳು ವಾಪಸ್ ಬಂದಿರಲಿಲ್ಲ.

ನಿನ್ನೆ ಗೆಳೆಯರಿಗೆ ಆ ಮೂರು ಫ್ರೇಮ್‌ಗಳನ್ನು ಕಳಿಸಿದೆ. ಮೀನು ಇರುವುದು, ಬೀಳುವುದು, ಇಲ್ಲದ್ದು. ಏನೂ ಬರೆಯಲಿಲ್ಲ. ರಾತ್ರಿ ಹತ್ತರ ಮೇಲೆ ಫೋನ್ ಮಾಡಿದರು.

"ನಾನು ನೋಡೇ ಇರ್ಲಿಲ್ಲ," ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇನ್ನೊಂದು ಹತ್ತು ನಿಮಿಷ ಕಾದಿದ್ರೆ ಅದು ಮೀನು ಕೊಡೋದನ್ನ ನೋಡ್ತಿದ್ವಿ, ಅಲ್ವಾ?"

"ನೋಡ್ತಿದ್ವಿ," ಅಂದೆ.