ಮಲೆನಾಡಿನ ಮಳೆಗೆ ಚೈನೀಸ್ ಚೈವ್ಸ್ ಉಳಿಸಿಕೊಳ್ಳುವುದು

ಚೈನೀಸ್ ಚೈವ್ಸ್ ಈರುಳ್ಳಿ ಕುಲದ ಗಿಡವೇ, ಆದರೆ ಬೆಳೆಸುವುದು ಗಡ್ಡೆಗಲ್ಲ, ಎಲೆಗೆ. ಎಲೆ ಹುಲ್ಲಿನಂತೆ ಚಪ್ಪಟೆ, ಹಿಸುಕಿದರೆ ಬೆಳ್ಳುಳ್ಳಿ ಘಮ. ಮಣಿಪುರದವರು ಇದನ್ನು ಮರೋಯ್ ನಾಕುಪ್ಪಿ ಅನ್ನುತ್ತಾರೆ.

ಚಳಿ, ಬಿಸಿಲು ಎರಡನ್ನೂ ತಡೆಯುವ ಗಿಡ ಇದು. ತೀರ್ಥಹಳ್ಳಿ, ಹೊಸನಗರದ ಕಡೆ ಸಾಯುವುದು ಮಳೆಗೆ. ಬೇರಿನ ಹತ್ತಿರ ನೀರು ನಿಂತರೆ ಗಾಳಿಯಾಡದೆ ಬುಡ ಹಳದಿಯಾಗಿ ಲೋಳೆಗಟ್ಟುತ್ತದೆ. ಎಲೆ ಎಳೆದರೆ ಹಿಳ್ಳೇ (ಬುಡದಲ್ಲಿ ಒಡೆಯುವ ಮರಿಗಿಡ) ಕಿತ್ತು ಬರುತ್ತದೆ. ಹಾಗಾಗಿ ನೆಲಕ್ಕೆ ನೆಡಬೇಡಿ. ಒಂದಡಿ ಎತ್ತರದ ಏರಿ, ಇಲ್ಲವೇ ತಳದಲ್ಲಿ ತೂತಿರುವ ಹತ್ತಿಂಚಿನ ಕುಂಡ ಬೇಕು. ಎರಡು ಪಾಲು ಸುಡುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ನಮ್ಮ ಮಣ್ಣು ಹುಳಿ, ಅದಕ್ಕೆ ಹಂಡೆ ಒಲೆಯ ಬೂದಿ ಒಂದೇ ಹಿಡಿ ಸೇರಿಸಿ. ಅಡಿಕೆ ತೋಟದ ನೆರಳಲ್ಲಿ ಎಲೆ ಸೊರಗಿ ಬೀಳುತ್ತದೆ. ಮಳೆಗಾಲದಲ್ಲಿ ಕುಂಡವನ್ನು ಜಗಲಿ ಅಂಚಿಗೆ ತನ್ನಿ, ಸೂರಿನ ನೀರು ಬೀಳುವಲ್ಲಿ ಮಾತ್ರ ಇಡಬೇಡಿ.

ಬೀಜದ ಮೊಳೆಯುವ ಶಕ್ತಿ ವರ್ಷದಲ್ಲೇ ಕುಂದುತ್ತದೆ. ಹಳೆಯ ಪ್ಯಾಕೆಟ್ ದಂಡ. ಹಿಳ್ಳು ಸಿಕ್ಕರೆ ಅದೇ ಮೇಲು. ಮಳೆ ಬಿಟ್ಟ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ನಾಲ್ಕೈದು ಹಿಳ್ಳು ಸೇರಿಸಿ, ಎಲೆಯನ್ನು ನಾಲ್ಕು ಬೆರಳಿಗೆ ಕತ್ತರಿಸಿ, ಬಿಳಿ ಭಾಗ ಮುಚ್ಚುವಂತೆ ಗೇಣಿಗೊಂದು ನೆಡಿ.

ಬುಡ ದಟ್ಟವಾದ ಮೇಲೆ, ಮಣ್ಣಿಂದ ಎರಡು ಬೆರಳು ಬಿಟ್ಟು ಹರಿತ ಚಾಕುವಿನಲ್ಲಿ ಇಡೀ ಹಿಡಿಯನ್ನು ಕೊಯ್ಯಿರಿ. ಇನ್ನೂ ಕೆಳಗೆ ಕೊಯ್ದರೆ ಹೊಸ ಎಲೆ ತಡ. ಕೊಯ್ದಾಗೆಲ್ಲ ಒಂದು ಹಿಡಿ ಗೊಬ್ಬರ, ಮೂರ್ನಾಲ್ಕು ವಾರ ಬಿಡುವು. ಎರಡು-ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಿ ನೆಡದಿದ್ದರೆ ಹಿಳ್ಳು ಒತ್ತೊತ್ತಾಗಿ ಎಲೆ ದಾರದಂತಾಗುತ್ತದೆ.

ಒಂದು ಎಚ್ಚರ. ಹಿತ್ತಲಲ್ಲಿ ಹೂವಿಗೆಂದು ನೆಟ್ಟ ರೇನ್ ಲಿಲಿಯ ಎಲೆ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಅದು ವಿಷ. ಹಿಸುಕಿ ಮೂಸಿದರೆ ಗೊತ್ತಾಗುತ್ತದೆ. ಆದರೆ ನಾಲ್ಕು ಎಲೆ ಕೊಯ್ದ ಕೈಗೆ ಆಗಲೇ ಬೆಳ್ಳುಳ್ಳಿ ವಾಸನೆ ಹತ್ತಿರುತ್ತದೆ, ಐದನೆಯದು ಯಾವ ಎಲೆಯಾದರೂ ಅದೇ ಘಮ! ಎರಡನ್ನೂ ಅಕ್ಕಪಕ್ಕ ನೆಡಲೇಬೇಡಿ. ಹೂ ಬಂದಾಗ ಸಂಶಯವಿಲ್ಲ: ಚೈವ್ಸಿನ ದಂಟಿನ ತುದಿಯಲ್ಲಿ ಬಿಳಿ ನಕ್ಷತ್ರಗಳ ಗೊಂಚಲು, ಲಿಲಿಗೆ ದಂಟಿಗೊಂದೇ ಹೂ.

ಅಡುಗೆಗೆ ತಂಬುಳಿಯೇ ಸೊಗಸು. ಅರ್ಧ ಚಮಚ ತುಪ್ಪಕ್ಕೆ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಹೆಚ್ಚಿದ ಒಂದು ಹಿಡಿ ಸೊಪ್ಪು. ಅರ್ಧ ನಿಮಿಷ ಬಾಡಿದರೆ ಸಾಕು, ಹೆಚ್ಚು ಹುರಿದರೆ ಘಮ ಹೋಗುತ್ತದೆ. ಮೂರು ಚಮಚ ಕಾಯಿತುರಿಯೊಂದಿಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಅಕ್ಕಿರೊಟ್ಟಿಗಾದರೆ ತಟ್ಟುವ ಹೊತ್ತಿಗೇ ಸೊಪ್ಪು ಸೇರಿಸಬೇಕು. ಮೊದಲೇ ಹಾಕಿದರೆ ಉಪ್ಪಿಗೆ ನೀರು ಬಿಟ್ಟು ಹಿಟ್ಟು ಸಡಿಲಾಗುತ್ತದೆ. ಅರಳದ ಮೊಗ್ಗನ್ನು ದಂಟಿನ ಸಮೇತ ಪಲ್ಯ ಮಾಡಬಹುದು. ಅರಳಿದ ಮೇಲೆ ದಂಟು ನಾರು.

ಮಿಕ್ಕ ಸೊಪ್ಪನ್ನು ಅಕ್ಕಚ್ಚಿಗೆ ಹಾಕಬೇಡಿ. ಈರುಳ್ಳಿ ಜಾತಿಯ ಸೊಪ್ಪು ಹೆಚ್ಚಾದರೆ ದನಕ್ಕೂ ನಾಯಿಗೂ ರಕ್ತಕಣ ಒಡೆಯುತ್ತದೆ.