ಇವತ್ತಿನ ಪದ: ಮಿಡಿ

ಶಿರಸಿ
18 ಮಾರ್ಚ್ 2025, ಮಂಗಳವಾರ

ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವ ಜಗಲಿಯಲ್ಲಿ ದಿನಕ್ಕೊಂದು ಪದ ಇಡುವುದು ಈಗ ರೂಢಿಯಾಗಿಬಿಟ್ಟಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದಿಟ್ಟರೆ ಆಯಿತು. ಕೈ ಮೆಟ್ಟುಗತ್ತಿಯ ಮೇಲೆ, ಬಾಯಿ ಪದದ ಮೇಲೆ. ನಿಯಮ ಒಂದೇ: ಪದ ತಂದವರು ಅರ್ಥ ಹೇಳಕೂಡದು, ವಾಕ್ಯ ಹೇಳಬೇಕು, ಆ ವಾಕ್ಯದಲ್ಲಿ ಆ ಪದದ ಜಾಗಕ್ಕೆ ಬೇರೊಂದು ಕೂರಬಾರದು. ಅರ್ಥ ಮೊದಲೇ ಹೇಳಿಬಿಟ್ಟರೆ ಎಲ್ಲರೂ "ಹೌದು ಹೌದು" ಅಂದು ಸುಮ್ಮನಾಗುತ್ತಾರೆ, ಮಾತು ಅಲ್ಲಿಗೇ ಸತ್ತಿತು.

ನಿನ್ನೆಯದು 'ಸಿಂಗಾರ', ಅಡಿಕೆಯ ಹೂಗೊಂಚಲು. ಇವತ್ತು 'ಮಿಡಿ'. ಪದ ತಂದ ಅಪ್ಪಚ್ಚಿಯ ವಾಕ್ಯ: "ಮಿಡಿ ಕೊಯ್ಯವು, ಉದುರ್ಸಲಾಗ." ಕೊಯ್ಯಬೇಕು, ಉದುರಿಸಬಾರದು ಎಂದು.

ನಿಘಂಟು ತೆಗೆದರೆ ಮಿಡಿಗೆ 'ಎಳೆಯ ಕಾಯಿ' ಎಂದಿರುತ್ತದೆ. ತಪ್ಪಲ್ಲ. ಆದರೆ ಅಪ್ಪಚ್ಚಿಯ ವಾಕ್ಯದಲ್ಲಿ ಮಿಡಿ ತೆಗೆದು 'ಎಳೆಯ ಕಾಯಿ' ಇಟ್ಟು ನೋಡಿ, ಎಷ್ಟು ಎಳೆಯದು ಎನ್ನುವುದೇ ಮಾಯ. ಇಡೀ ಮಾತು ನಡೆದದ್ದು ಆ 'ಎಷ್ಟು' ಎಂಬುದರ ಸುತ್ತ.

ಮೊದಲು ಕ್ರಿಯಾಪದದ ಕಡೆ ಒಂದು ಸುತ್ತು ಹೋಗಿಬಂದೆವು. ತಂತಿ ಮಿಡಿಯುತ್ತಾರೆ, ನಾಡಿ ಮಿಡಿಯುತ್ತದೆ, ಕಂಬನಿ ಮಿಡಿಯುತ್ತಾರೆ. ಬೆರಳಲ್ಲಿ ಚಿಮ್ಮಿದಂಥ ಸಣ್ಣ ಅಲುಗಾಟ ಎಲ್ಲದರಲ್ಲೂ ಇದೆ. ಮಿಡತೆಯೂ ಈ ಚಿಮ್ಮುವ ಬಳಗದ್ದೇ. "ಹಾಂಗಾರೆ ಮಾವಿನ ಮಿಡಿಯೂ ಹೂವಿಂದ ಚಿಮ್ಮಿದ್ದೇ ಸೈ" ಎಂದು ಭಾವ ಗಂಟು ಹಾಕಿಯೇಬಿಟ್ಟ. ಕೇಳಲಿಕ್ಕೆ ಚಂದ. ಆದರೆ ಸದ್ದು ಒಂದಾದ ಮಾತ್ರಕ್ಕೆ ಬೇರೂ ಒಂದೇ ಅನ್ನಲಾಗದು. ಹಾಲು ಕರೆಯುವುದು, ಊಟಕ್ಕೆ ಕರೆಯುವುದು, ಬಟ್ಟೆಗೆ ಬಾಳೆಯ ಕರೆ ಹತ್ತುವುದು, ಮೂರನ್ನೂ ಒಂದೇ ದಾರದಲ್ಲಿ ಪೋಣಿಸಲು ಹೊರಟರೆ ಕತೆ ಹುಟ್ಟೀತು, ವ್ಯುತ್ಪತ್ತಿ ಅಲ್ಲ. ಪದದ ಹರಟೆ ಹಳ್ಳ ಹಿಡಿಯುವುದು ಹೆಚ್ಚಾಗಿ ಇಲ್ಲೇ.

ಆಮೇಲೆ ವಯಸ್ಸಿನ ಲೆಕ್ಕ. ಮಾವಿನ ಮರದಲ್ಲಿ ಹೂವು, ಹೀಚು, ಮಿಡಿ, ಕಾಯಿ, ದೋರೆ, ಹಣ್ಣು. ಹೀಚು ಅಂದರೆ ಹೂವಿನ ಒಣ ಚೂರು ಇನ್ನೂ ಅಂಟಿಕೊಂಡಿರುವ, ಕಾಳುಮೆಣಸಿನಿಂದ ಬಟಾಣಿಯಷ್ಟರದು. ಅದು ಮರಕ್ಕೆ ಸೇರಿದ್ದು, ನಮಗಲ್ಲ. ಬಹುಪಾಲು ತಾನೇ ಉದುರುತ್ತದೆ. ದೋರೆ ಎಂದರೆ ಬಣ್ಣ ತಿರುಗಿ, ಒಳಗೆ ಮೆತ್ತಗಾಗುತ್ತ, ಹುಳಿ ಇನ್ನೂ ಬಿಡದ ಹಂತ. ಮಿಡಿ ನಡುವಿನದು. ಅದರ ಗಡಿ ಗಾತ್ರದಿಂದಲ್ಲ, ಓಟೆಯಿಂದ, ಅಂದರೆ ಗೊರಟೆಯಿಂದ. ನಡುವೆ ಚಾಕು ಹಾಕಿದರೆ ಒಳಗಿನ ಓಟೆಯ ಜಾಗವೂ ಸೌತೆಯಂತೆ ಸರಕ್ಕನೆ ಕತ್ತರಿಸಬೇಕು. ಕಟುಕ್ ಎಂದು ತಡೆದರೆ ಅದು ಕಾಯಿ. ಉಪ್ಪಿಗೆ ಹಾಕಿದರೆ ಹೊರಗಿನ ತಿರುಳು ಮೆತ್ತಗಾದೀತು, ಒಳಗೆ ನಾರು ನಾರು ಉಳಿದೀತು. ಒಂದೇ ಮರದಲ್ಲಿ ಬಿಸಿಲ ಬದಿಯ ಗೊಂಚಲು ಕಾಯಿಯಾಗಿ, ನೆರಳ ಬದಿಯದು ಮಿಡಿಯಾಗಿಯೇ ಇರುವುದುಂಟು. ಹಾಗಾಗಿ ಮರಕ್ಕೊಂದು ನೋಡಿದರೆ ಸಾಲದು, ಗೊಂಚಲಿಗೊಂದು ಕೊಯ್ದು ನೋಡಬೇಕು.

ಇನ್ನು 'ಉದುರ್ಸಲಾಗ' ಯಾಕೆ? ಮಿಡಿಯ ಬೆಲೆ ಇರುವುದು ಸೊನೆಯಲ್ಲಿ. ಉಪ್ಪಿನಕಾಯಿಗೆಂದೇ ಕೊಯ್ಯುವ ಪರಿಮಳದ ಮಾವು ಅಪ್ಪೆಮಿಡಿ; ಅದರ ತೊಟ್ಟು ಮುರಿದ ಕೂಡಲೇ ಚಿಮ್ಮುವ ಆ ರಸವೇ ಪರಿಮಳ. ಕೆಲವು ಮರದ್ದು ಜೀರಿಗೆ, ಕೆಲವದ್ದು ಕರ್ಪೂರ. ಕೋಲಿನಿಂದ ಬಡಿದು ಉದುರಿಸಿದರೆ ತೊಟ್ಟು ಕಳಚಿ ಸೊನೆ ಸೋರಿಹೋಗುತ್ತದೆ, ನೆಲಕ್ಕೆ ಬಿದ್ದ ಪೆಟ್ಟು ಎರಡು ದಿನದಲ್ಲಿ ಕಂದು ಮಚ್ಚೆಯಾಗುತ್ತದೆ. ಆ ಒಂದು ಮಚ್ಚೆಯ ಮಿಡಿ ಭರಣಿಯೊಳಗೆ ಹೋದರೆ ಸುತ್ತಲಿನವನ್ನೂ ಮೆತ್ತಗೆ ಮಾಡುತ್ತದೆ. ಮರ ಹತ್ತಿ, ಗೊಂಚಲನ್ನು ಕೊಕ್ಕೆಯಿಂದ ಹತ್ತಿರಕ್ಕೆಳೆದು, ಒಂದಂಗುಲ ತೊಟ್ಟು ಬಿಟ್ಟು ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಬೇಕು. ಮಿಡಿಯ ಮರಗಳು ಹೆಚ್ಚಿರುವುದು ಹೊಳೆಯಂಚಿನಲ್ಲಿ, ಕೊಂಬೆ ಚಾಚಿರುವುದು ನೀರಿನ ಮೇಲೆ. ಈ ಕೆಲಸಕ್ಕೆ ಜನ ಸಿಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಕರ್ಣಕುಂಡಲ, ದೊಂಬೆಸರ ಜೀರಿಗೆ ಎಂದು ಹೆಸರುಗಳ ಸಾಲು ಬಂತು. ಇವೆಲ್ಲ ಒಂದೊಂದು ಮರದ ಹೆಸರಾಗಿ ಹುಟ್ಟಿ, ಕಸಿಯಿಂದ ತಳಿಯ ಹೆಸರಾದವು. ಓಟೆ ನೆಟ್ಟು ಬೆಳೆಸಿದರೆ ತಾಯಿಮರದ ಪರಿಮಳ ಬಂದೇ ಬರುತ್ತದೆಂಬ ಭರವಸೆ ಇಲ್ಲ, ಕಸಿಯೇ ಆಗಬೇಕು.

ಅಂಕೋಲೆಯಿಂದ ಬಂದಿದ್ದ ನೆಂಟರು ಇಲ್ಲಿ ಬಾಯಿ ಹಾಕಿದರು: "ನಮ್ಮ ಕಡೆ ಮಿಡಿ ಉದುರಿತು ಅಂದ್ರೆ ಸೂತಕದ ಸುದ್ದಿ ಮಾರಾಯ್ರೆ." ಅವರದು ಕರಿ ಇಷಾಡ, ಹಣ್ಣಿನ ಮಾವು. ಅದಕ್ಕೂ ಅಪ್ಪೆಮಿಡಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆದರೆ ಒಂದಕ್ಕೆ ಹಣ್ಣಾಗಿ, ಇನ್ನೊಂದಕ್ಕೆ ಹಣ್ಣಾಗುವ ಎಷ್ಟೋ ಮೊದಲು. ಇಷಾಡಿನ ಮಿಡಿ ಕಳೆದರೆ ನಷ್ಟ, ಅಪ್ಪೆಯ ಮಿಡಿ ಕೊಯ್ದರೆ ಅದೇ ಬೆಳೆ. ಪದ ಒಂದೇ, ಘಟ್ಟದ ಮೇಲೆ ಒಂದು ಲೆಕ್ಕ, ಕೆಳಗೆ ಇನ್ನೊಂದು.

ಎಲ್ಲ ಎಳೆಗಾಯಿಯೂ ಮಿಡಿಯಲ್ಲ. ಸೌತೆಗೆ ಮಿಡಿ ಸರಿ, ಮಿಡಿಸೌತೆ ಎನ್ನುತ್ತೇವೆ. ಅಡಿಕೆಗೆ ಮಾತ್ರ ಮಿಳ್ಳೆ. ಮಿಡಿ ಎಂದರೆ ಜಗಲಿಯಲ್ಲಿ ನಗುತ್ತಾರೆ. ತೆಂಗಿಗೂ ಇಲ್ಲಿ ಮಿಳ್ಳೆಯೇ, ಬಯಲುಸೀಮೆಯವರಿಗೆ ಹರಳು. ಹಲಸಿನ ಎಳೆಗಾಯಿ ದಕ್ಷಿಣ ಕನ್ನಡದಲ್ಲಿ ಗುಜ್ಜೆ. ಕಾರವಾರದ ಅಕ್ಕೋರು ಕೊಂಕಣಿಯಿಂದ ಮೂರು ಕೊಟ್ಟರು: ಹಲಸಿನದು ಕಡ್ಗಿ, ಹಸಿ ಗೇರುಬೀಜ ಬಿಬ್ಬೊ, ಮಾವಿನಕಾಯಿ ತೋರ. "ಅಕ್ಕೋರೆ, ತೋರ ಅಂದ್ರೆ ನಮ್ಗೆ ದಪ್ಪದ್ದು" ಎಂದದ್ದಕ್ಕೆ, "ದಪ್ಪ ಇದ್ರೇನೆ ಗೊಜ್ಜಿಗೆ ಬರೂದು" ಎಂದು ಮುಗಿಸಿದರು.

ಮಿಳ್ಳೆಯ ಮಾತು ಅಲ್ಲಿಗೇ ಬಿಡುವಂಥದ್ದಲ್ಲ, ತೋಟದಲ್ಲಿ ಈ ಪದಕ್ಕೆ ದುಡ್ಡಿನ ಬೆಲೆ ಇದೆ. 'ಅಡಿಕೆ ಉದುರ್ತಾ ಇದ್ದು' ಎಂದಷ್ಟೇ ಹೇಳಿದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಈಗಿನ ಬಿಸಿಲಿನಲ್ಲಿ ಉದುರುವುದು ಮಿಳ್ಳೆ. ನೀರಿನ ಕೊರತೆ, ಗೊಬ್ಬರದ ಕೊರತೆ, ರಸ ಹೀರುವ ತಿಗಣೆ, ಇಲ್ಲವೇ ಸಿಂಗಾರ ತುದಿಯಿಂದ ಹಳದಿಯಾಗಿ ಒಣಗುತ್ತ ಬರುವ ರೋಗ. ಉದುರಿದ ಮಿಳ್ಳೆ ಹೆಕ್ಕಿ ನೋಡಬೇಕು. ಸೂಜಿಮೊನೆಯಷ್ಟು ಚುಕ್ಕೆ ಇದ್ದರೆ ತಿಗಣೆಯ ಅನುಮಾನ; ಮೇಲೆ ಸಿಂಗಾರದ ಎಳೆಗಳೇ ಕಂದಾಗಿದ್ದರೆ ರೋಗ; ಎರಡೂ ಇಲ್ಲದಿದ್ದರೆ ಮೊದಲು ನೀರು, ಗೊಬ್ಬರ. ಮಳೆಗಾಲದಲ್ಲಿ, ತೊಟ್ಟಿನ ಹತ್ತಿರ ನೀರು ಹೀರಿದಂತೆ ಕಡುಹಸಿರು ಕಲೆಯಾಗಿ, ಬಿಳಿ ಬೂಷ್ಟು ಹತ್ತಿ ಬೀಳುವುದು ಮಿಳ್ಳೆಯಲ್ಲ, ಕೊಳೆ. ಈ ಕೊಳೆರೋಗಕ್ಕೆ ಹೊಡೆಯುವುದು ಶೇಕಡಾ 1ರ ಬೋರ್ಡೋ ದ್ರಾವಣ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು ಒಟ್ಟು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗುಮುರುಗಾಗಬಾರದು. ಕಬ್ಬಿಣದ ಕತ್ತಿಯ ತುದಿ ಅದ್ದಿ ನೋಡಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಸಿಂಗಾರ ಸುಡುತ್ತದೆ. ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ಅಡಿಕೆ ಮರ ಹತ್ತುವ ಕೊನೆಗೌಡರು ಸಿಗುವ ದಿನವೇ ಮದ್ದಿನ ದಿನ ಎಂಬುದು ಬೇರೆ ಮಾತು.

ಮತ್ತೆ ಮಿಡಿಗೆ. ಪದ ಹೊತ್ತು ಮುಳುಗುವವರೆಗೆ ಎಳೆದದ್ದು ಉಪ್ಪಿನ ಅಳತೆಯ ಜಗಳದಿಂದ. ನಾಲ್ಕು ಸೇರು ಮಿಡಿಗೆ ಒಂದು ಸೇರು ಹರಳುಪ್ಪು ಎಂಬುದು ಹಳೆಯ ಲೆಕ್ಕ. ತೂಗುವವರು ಕಿಲೋ ಮಿಡಿಗೆ 250 ಗ್ರಾಂ ಹಿಡಿಯಬಹುದು. "ಈಗಿನವ್ಕೆ ಉಪ್ಪು ಆಗ್ತಿಲ್ಲೆ, 150 ಸಾಕು" ಎಂಬ ವಾದವೂ ಬಂತು. ನಾಲಗೆಗೆ ಸಾಕು, ಭರಣಿಗೆ ಸಾಲದು. ಉಪ್ಪು ಕಡಿಮೆಯಾದರೆ ಮಿಡಿ ಚಿರುಟುವ ಬದಲು ಊದಿ, ಮಳೆಗಾಲದ ಹೊತ್ತಿಗೆ ಒತ್ತಿದರೆ ಒಡೆಯುತ್ತದೆ. ಉಪ್ಪು ಕಡಿಮೆ ಬೇಕೆಂದರೆ ಊಟಕ್ಕೆ ಅರ್ಧ ಮಿಡಿ ಬಡಿಸಿಕೊಳ್ಳುವುದೇ ದಾರಿ.

ತೊಟ್ಟನ್ನು ಕಾಲಂಗುಲಕ್ಕೆ ಇಳಿಸಿ, ತೊಳೆದು, ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ, ನೆರಳಿನಲ್ಲಿ ಪಸೆ ಆರಿಸಬೇಕು. ಭರಣಿಯ ತಳಕ್ಕೆ ಉಪ್ಪು, ಮೇಲೆ ಮಿಡಿ, ಮತ್ತೆ ಉಪ್ಪು, ಹೀಗೆ ಪದರ ಪದರ. ಮೇಲಿನ ಪದರ ಉಪ್ಪಿನದೇ. ನೀರು ಹಾಕುವಂತಿಲ್ಲ. ಎರಡು ಮೂರು ದಿನದಲ್ಲಿ ತಾನೇ ನೀರು ಬಿಡುತ್ತದೆ. ದಿನಕ್ಕೊಮ್ಮೆ ಭರಣಿಯನ್ನೇ ಅಲುಗಿಸಬೇಕು, ಇಲ್ಲವೇ ಒಣ ಸೌಟಿನಲ್ಲಿ ಮೇಲೆ ಕೆಳಗೆ ಮಾಡಬೇಕು. ತೇಲಿದ ಮಿಡಿಗೇ ಬೂಷ್ಟು, ಆದ್ದರಿಂದ ತೊಳೆದು ಒಣಗಿಸಿದ ಹೊಳೆಗಲ್ಲೊಂದನ್ನು ಹೇರಿಡುವುದು. 10-12 ದಿನಕ್ಕೆ ಮಿಡಿ ಅಜ್ಜಿಯ ಗಲ್ಲದ ಹಾಗೆ ಸುಕ್ಕಾಗುತ್ತದೆ. ಆಗ ತೆಗೆದು, ಉಪ್ಪುನೀರು ಸೋಸಿ, ಕುದಿಸಿ, ಪೂರ್ತಿ ಆರಿಸಬೇಕು. ಕಿಲೋ ಮಿಡಿಗೆ ಬ್ಯಾಡಗಿ ಮೆಣಸು 150 ಗ್ರಾಂ, ಸಾಸಿವೆ 75, ಅರಿಸಿನ 10. ಮೆಣಸು ಬಿಸಿಲಲ್ಲಿ ಗರಿಗರಿಯಾಗಿರಬೇಕು, ಹುರಿಯುವಂತಿಲ್ಲ. ಎಲ್ಲವನ್ನೂ ಆರಿದ ಉಪ್ಪುನೀರಲ್ಲೇ ರುಬ್ಬುವುದು. ಬಿಸಿ ಇರುವಾಗಲೇ ರುಬ್ಬಿದರೆ ಸಾಸಿವೆಯ ಘಾಟು ಏಳುವುದಿಲ್ಲ, ಕಹಿ ಮಾತ್ರ ಉಳಿಯುತ್ತದೆ. ಖಾರ ಮಿಡಿಯ ಮೇಲೆ ಒಂದಂಗುಲ ನಿಲ್ಲಬೇಕು. ಎಣ್ಣೆ ಇಲ್ಲ. ಬಾಯಿಗೆ ಬಟ್ಟೆ ಕಟ್ಟಿ ಒಂದು ತಿಂಗಳು ಮರೆತುಬಿಡುವುದು.

ಉಪ್ಪು ಯಾವುದು ಎಂಬುದಕ್ಕೆ ಮಾತ್ರ ಒಮ್ಮತ: ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳು. ನಿಧಾನ ಕರಗುತ್ತದೆ, ಪುಡಿಯುಪ್ಪಿನಂತೆ ಅಡಿಗೆ ಹೋಗಿ ಗಟ್ಟಿಯಾಗಿ ಕೂರುವುದಿಲ್ಲ. ಅಘನಾಶಿನಿ ಹೊಳೆ ಹುಟ್ಟುವುದು ಶಿರಸಿಯ ಕಡೆ, ಉಪ್ಪಿನ ಆಗರ ಇರುವುದು ಅದರ ಅಳಿವೆಯಲ್ಲಿ. ಮೇಲಿನ ದಂಡೆಯ ಮಿಡಿ ಕೆಳಗಿನ ಉಪ್ಪನ್ನು ಕಾಯುತ್ತ ಕೂತಿರುತ್ತದೆ.

ಅಕ್ಕೋರು ಎತ್ತಿದ ಇನ್ನೊಂದು ಮಾತು: ಹೆಸರು ಉಪ್ಪಿನಕಾಯಿ, ಮೆಣಸಿನಕಾಯಿಯ ಸುದ್ದಿಯೇ ಇಲ್ಲ. ಸರಿಯಾದದ್ದೇ. ಕೆಂಪು ಮೆಣಸು ಪೋರ್ಚುಗೀಸರ ಹಡಗಿನ ಕಾಲದ್ದು. ಅದಕ್ಕೂ ಮುಂಚೆ ಮೆಣಸು ಅಂದರೆ ಬಳ್ಳಿಯ ಕಾಳು. 16ನೇ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಕಾಳುಮೆಣಸಿನ ರಾಣಿ' ಎನ್ನುವುದೂ ಅದಕ್ಕೇ. ಮಕ್ಕಳು 'ಮೆಣಸಿನ ರಾಣಿ' ಎಂದು ಓದಿ ಕೆಂಪು ಮೆಣಸಿನ ಚಿತ್ರ ಬರೆದರೆ ತಪ್ಪು ಮಕ್ಕಳದಲ್ಲ.

ಅಪ್ಪೆ ಎಂಬುದೂ ಜಾಗ ಬದಲಿಸಿದೆ. ಅಪ್ಪೆಹುಳಿ ಎಂದರೆ ಹುಳಿಮಾವು ಬೇಯಿಸಿ, ಕಿವುಚಿ, ನೀರು ಬೆರೆಸಿ, ಉಪ್ಪು ಹಾಕಿ, ಸಾಸಿವೆ, ಹಿಂಗು, ಮೆಣಸಿನ ಒಗ್ಗರಣೆ ಕೊಟ್ಟು ಕುಡಿಯುವ ಸಾರು. ಈಗ ಲಿಂಬೆಯ ಅಪ್ಪೆಹುಳಿಯೂ ಇದೆ. ಮರ ಬಿಟ್ಟು ಪದ ಬಟ್ಟಲಿಗೆ ಇಳಿದಿದೆ. ಆಯಿಯ ತಕರಾರು ಬೇರೆ: "ಒಂದು ಕಾಯಿಗೆ ಒಂದು ಚೊಂಬು ನೀರು ಸಾಕು, ಹೊಳೆ ನೀರೆಲ್ಲ ಹೊಯ್ಯಲಾಗ."

ಕ್ಯಾಲೆಂಡರಿನ 19ರ ಚೌಕದಲ್ಲಿ ಭಾವ ಆಗಲೇ 'ಸೋನೆ' ಎಂದು ಬರೆದಿದ್ದಾನೆ. ಅವನ ಮನಸ್ಸಿನಲ್ಲಿರುವುದು ಮಾವಿನ ಸೊನೆಯಾದರೆ ಒಂದು ದೀರ್ಘ ಅಳಿಸಬೇಕು. ಹಾಗೇ ಬಿಟ್ಟರೆ ಆಷಾಢದ ಜಿಟಿಜಿಟಿ ಮಳೆ. ರಬ್ಬರು ಸಿಗಲಿಲ್ಲ, ಎರಡನ್ನೂ ಮಾತಾಡುವುದೆಂದು ತೀರ್ಮಾನವಾಯಿತು. ಸುಲಿಯಲು ಇನ್ನೂ ಆರು ಚೀಲ ಇದೆ.