ಕೈತೋಟದ ಹೊದಿಕೆಗೆ ದರಕೇ ಸಾಕು

ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವನಿಗೆ ಗಿಡದ ಬುಡ ಬರಿದಾಗಿ ಕಂಡರೆ ಸಮಾಧಾನವಿರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಲ್ಲಿ, ದರಕು (ಉದುರಿದ ಒಣ ಎಲೆ) ಗುಡಿಸಿ ತಂದು ಕೂಡಿಡುವುದು, ಕೊಟ್ಟಿಗೆಗೆ ಹಾಸುವುದು, ತೋಟದ ಮರಗಳ ಬುಡಕ್ಕೆ ಹಸಿಸೊಪ್ಪು ಮುಚ್ಚುವುದು ನಮ್ಮಲ್ಲಿ ವರ್ಷವರ್ಷದ ಕೆಲಸವಾಗಿತ್ತು. ಹೀಗಿದ್ದೂ ಬೆಂಗಳೂರಿನ ಮನೆಯ ಮುಂದಿನ ನಾಲ್ಕಡಿ ಅಗಲದ ಪಟ್ಟಿಯಲ್ಲಿ ತರಕಾರಿ ಹಾಕಿದ ಮೊದಲ ವರ್ಷ, ನೋಡಲು ಅಚ್ಚುಕಟ್ಟಾಗಿರುತ್ತದೆಂದು ನಾನು ತಂದದ್ದು ಮಿಲ್ಲಿನ ಎರಡು ಚೀಲ ಮರದ ಹೊಟ್ಟನ್ನು.

ಅದನ್ನು ಮೇಲೆ ಹರಡಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಗುದ್ದಲಿಯಿಂದ ಮಣ್ಣಿಗೆ ಬೆರೆಸಿದ್ದು ನನ್ನ ತಪ್ಪು. ಮೂರೇ ವಾರದಲ್ಲಿ ದಂಟಿನ ಸೊಪ್ಪಿನ ಕೆಳಗಿನ ಎಲೆಗಳು ಹಳದಿಯಾಗಿ, ಗಿಡಗಳು ಗೇಣುದ್ದಕ್ಕೇ ನಿಂತುಬಿಟ್ಟವು. ಮರದ ಹೊಟ್ಟಿನಲ್ಲಿ ಇಂಗಾಲವು ಸಾರಜನಕದ ನೂರಾರು ಪಟ್ಟು ಇರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ಸಾರಜನಕ ಹೊಟ್ಟಿನಲ್ಲಿ ಸಿಗದೆ, ಅವು ಸುತ್ತಲಿನ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ ಮತ್ತು ಬೇರಿಗೆ ಉಪವಾಸ ಬೀಳುತ್ತದೆ. ಮೇಲೆ ಹಾಸಿದ್ದರೆ ಈ ಪೈಪೋಟಿ ಮಣ್ಣಿನ ಮೇಲ್ಪದರದಲ್ಲೇ ಮುಗಿಯುತ್ತದೆ.

ಆಮೇಲೆ ಒಂದೊಂದನ್ನೇ ಪರೀಕ್ಷಿಸಿದೆ. ರಾಗಿ ಹುಲ್ಲು ತಂಪಾಗಿಡುತ್ತದೆ, ಆದರೆ ತೆನೆಯಲ್ಲಿ ಉಳಿದ ಕಾಳು ಮೊಳೆತು ಪಟ್ಟಿಯೇ ರಾಗಿ ಹೊಲವಾಯಿತು. ಭತ್ತದ ಉಮಿ ಗಾಳಿಗೆ ಹಾರಿ ಪಕ್ಕದ ಮನೆಯ ರಂಗೋಲಿಯ ಮೇಲೆ ಬಿದ್ದದ್ದರಿಂದ ಅದರ ಅಧ್ಯಾಯ ಅಲ್ಲಿಗೇ ಮುಗಿಯಿತು. ಕತ್ತರಿಸಿದ ಹಸಿ ಹುಲ್ಲನ್ನು ದಪ್ಪವಾಗಿ ಹಾಕಿದರೆ ಚಾಪೆಯಂತೆ ಅಂಟಿಕೊಂಡು ಬಿಸಿಯಾಗಿ ನಾರುತ್ತದೆ. ಒಣಗಿಸಿ ತೆಳುವಾಗಿ ಹಾಕಬೇಕು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶವಿರುವುದರಿಂದ ಎರಡು ಮೂರು ಸಲ ತೊಳೆಯದೆ ಕುಂಡಕ್ಕೆ ಹಾಕಬಾರದು. ಇಡೀ ತೆಂಗಿನ ಸಿಪ್ಪೆ ಮಾತ್ರ ಕರಿಬೇವು, ನಿಂಬೆಯಂಥ ಬಹುಕಾಲದ ಗಿಡಗಳಿಗೆ ಬಹಳ ಒಳ್ಳೆಯದು. ಅದನ್ನು ಬೆನ್ನು ಮೇಲಾಗಿ ಮಗುಚಿ ಇಡಬೇಕು, ಇಲ್ಲದಿದ್ದರೆ ಬಟ್ಟಲಿನಲ್ಲಿ ಮಳೆನೀರು ನಿಂತು ಸೊಳ್ಳೆ ಸಾಕಿದಂತಾಗುತ್ತದೆ.

ಕೊನೆಗೆ ನಾನು ನೆಚ್ಚಿಕೊಂಡದ್ದು ದರಕನ್ನೇ. ಚಳಿ ಕಳೆಯುವ ಹೊತ್ತಿಗೆ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ, ಗುಡಿಸಿದ ರಾಶಿಯನ್ನು ಕೊಡಲಾರೆನೆನ್ನುವವರು ಯಾರೂ ಇಲ್ಲ. ನೀಲಗಿರಿ ಎಲೆಯನ್ನು ಮಾತ್ರ ಆರಿಸಿ ತೆಗೆಯುತ್ತೇನೆ. ಅದರ ರಸ ಬೀಜ ಮೊಳೆಯುವುದಕ್ಕೆ ಅಡ್ಡಿ ಮಾಡುತ್ತದೆ. ಉಳಿದದ್ದನ್ನು ಚೀಲದಲ್ಲಿ ತುಂಬಿ ತುಳಿದು ಪುಡಿಮಾಡಿ, ಎರಡು ಮೂರು ಅಂಗುಲ ದಪ್ಪಕ್ಕೆ, ಕಾಂಡದಿಂದ ನಾಲ್ಕು ಬೆರಳು ದೂರ ಬಿಟ್ಟು ಹಾಸುತ್ತೇನೆ. ಕಾಂಡಕ್ಕೆ ಒತ್ತಿದರೆ ಬುಡ ಕೊಳೆಯುತ್ತದೆ. ಇಲ್ಲಿನ ಕೆಂಪು ಮಣ್ಣು ಒಂದು ಜೋರು ಮಳೆಗೆ ಹೆಪ್ಪುಗಟ್ಟಿ, ಒಣಗಿದ ಮೇಲೆ ಬಿಲ್ಲೆಬಿಲ್ಲೆಯಾಗಿ ಬಿರಿಯುತ್ತಿತ್ತು. ಈಗ ಹನಿ ನೇರವಾಗಿ ಬಡಿಯುವುದಿಲ್ಲ. ಟೊಮೆಟೊದ ಕೆಳಗಿನ ಎಲೆಗಳಿಗೆ ಕೆಸರು ಸಿಡಿಯುವುದೂ, ಅದರೊಡನೆ ಬರುತ್ತಿದ್ದ ಕಂದು ಚುಕ್ಕೆಯೂ ಕಡಿಮೆಯಾಗಿವೆ. ಒಂದು ಹಿಡಿ ಎಲೆ ಎತ್ತಿ ನೋಡಿದರೆ ಅಡಿಯಲ್ಲಿ ಬಿಳಿ ಶಿಲೀಂಧ್ರದ ನೂಲುಗಳು, ಸಾಸಿವೆ ಕಾಳಿನಷ್ಟು ಸಣ್ಣ ಎರೆಹುಳು ಹಿಕ್ಕೆ, ಒದ್ದೆ ಬೆಟ್ಟದ ವಾಸನೆ.

ತೊಂದರೆಯೊಂದಿದೆ. ಮಳೆಗಾಲದಲ್ಲಿ ಈ ತಂಪಿಗೆ ಆಫ್ರಿಕನ್ ಬಸವನಹುಳು ಬಂದು ಸೇರಿಕೊಂಡು ರಾತ್ರೋರಾತ್ರಿ ಎಳೆ ಸಸಿಗಳನ್ನು ಮುಗಿಸುತ್ತದೆ. ಆದ್ದರಿಂದ ಜೂನ್ ತಿಂಗಳಲ್ಲಿ ಸಸಿ ನೆಟ್ಟ ಸಾಲುಗಳಿಂದ ದರಕನ್ನು ಬದಿಗೆ ಸರಿಸಿ, ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಕೈಗವಸು ತೊಟ್ಟು ಹುಳು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಗಿಡ ಮೊಣಕಾಲೆತ್ತರ ಬಂದ ಮೇಲೆ ದರಕು ಮತ್ತೆ ಬುಡಕ್ಕೆ ಹೋಗುತ್ತದೆ.